ಎಳೆಯರ ಕೈಯ ಪುಸ್ತಕವನ್ನು ಕಸಿಯುವ ಮುನ್ನ



ಹನ್ನೆರಡರಿಂದ ಹದಿನೆಂಟು ವಯಸ್ಸಿನ ಮಕ್ಕಳನ್ನು ಚೀಟಿ ಎತ್ತಿ ಆರಿಸಿ, ಕಾಡುಮೇಡಿನ ಕಣವೊಂದಕ್ಕೆ ದೂಡಿ, ಒಬ್ಬರೇ ಉಳಿಯುವ ತನಕ ಪರಸ್ಪರ ಕೊಲ್ಲಿಸಿ, ಆ ಕೊಲೆಯನ್ನು ದೂರದರ್ಶನದಲ್ಲಿ ದೇಶಕ್ಕೆಲ್ಲ ತೋರಿಸುವ ಸರಕಾರವೊಂದರ ಕಥೆಯನ್ನು ಮಕ್ಕಳಿಗಾಗಿಯೇ ಬರೆದಿದ್ದಾರೆ ಎಂದರೆ ನಿಮ್ಮಲ್ಲಿ ಬಹುಮಂದಿಯ ಹುಬ್ಬು ಗಂಟಿಕ್ಕುವುದು ಸಹಜ. ಬರೆದವರಾರು, ಅಚ್ಚುಹಾಕಿದವರಾರು, ನಮ್ಮ ಮಗುವಿನ ಕೈಗೆ ಅದನ್ನು ಕೊಟ್ಟವರಾರು ಎಂದು ಕೇಳುವಿರಿ. ಕೇಳಬೇಕಾದ ಪ್ರಶ್ನೆಯೇ. ಆದರೆ ಪ್ರಶ್ನೆಯನ್ನು ಕೇಳಿ ಉತ್ತರಕ್ಕೆ ಕಾಯದೆ ಪುಸ್ತಕವನ್ನು ಕಸಿದು ಅಟ್ಟದ ಮೇಲೆ ಎಸೆಯುವ ಹಿರಿಯರೂ ಇದ್ದಾರೆ. ಅವರನ್ನು ಕುರಿತೇ ಈ ಲೇಖನ. ಅವರ ವಿರುದ್ಧವೇ ಈ ಲೇಖನ ಎಂದರೂ ತಪ್ಪಾಗದು.

ಇಂಗ್ಲಿಷಿನಲ್ಲಿ ಹರೆಯದವರಿಗೆಂದೇ ಬರೆಯುವ ಕಾದಂಬರಿಗಳ ಪಂಗಡವೊಂದು ಪ್ರತ್ಯೇಕವಾಗಿಯೇ ಬೆಳೆದಿದೆ. ಅದರಲ್ಲಿಯೂ, ಮುಂದೆಂದೋ ಒದಗಬಹುದಾದ ಕೆಟ್ಟ ರಾಜ್ಯವೊಂದನ್ನು ಕಲ್ಪಿಸಿ, ಅಲ್ಲಿ ಬಾಳುವ ಹುಡುಗ ಹುಡುಗಿಯರ ಪಾಡನ್ನು ಹೇಳುವ ಕಥೆಗಳು ಕಳೆದ ಮೂರು ದಶಕಗಳಲ್ಲಿ ಬಹಳವಾಗಿ ಹಬ್ಬಿವೆ. ಆದರ್ಶರಾಜ್ಯದ ಕಲ್ಪನೆಯನ್ನು ತಲೆಕೆಳಗು ಮಾಡಿದಂತಿರುವ ಇವನ್ನು ಕೇಡುನಾಡಿನ ಕಥೆಗಳೆಂದು ಕರೆಯೋಣ. ಅಮೆರಿಕದ ಲೇಖಕಿ ಲೋಯಿಸ್ ಲೌರಿ ೧೯೯೩ರಲ್ಲಿ ಪ್ರಕಟಿಸಿ, ಮರುವರ್ಷ ನ್ಯೂಬೆರಿ ಪದಕವನ್ನು ಪಡೆದ ‘ದಿ ಗಿವರ್’ ಎಂಬುದೊಂದು. ಅದೇ ದೇಶದ ಸುಝಾನ್ ಕಾಲಿನ್ಸ್ ೨೦೦೮ರಲ್ಲಿ ಆರಂಭಿಸಿ ೨೦೧೦ರಲ್ಲಿ ಮೂರು ಸಂಪುಟಗಳಾಗಿ ಮುಗಿಸಿದ ‘ದಿ ಹಂಗರ್ ಗೇಮ್ಸ್’ ಎಂಬುದಿನ್ನೊಂದು. ಕಾಲಿನ್ಸ್ ಅದೇ ನಾಡಿನ ಹಿಂದಿನ ಕಾಲದ ಕಥೆಗಳನ್ನು ೨೦೨೦ರಲ್ಲಿಯೂ ೨೦೨೫ರಲ್ಲಿಯೂ ಮತ್ತೆ ಬರೆದಿದ್ದಾರೆ. ಮಿಕ್ಕವು ಬಹುಮಟ್ಟಿಗೆ ಇವೆರಡರ ನೆರಳಿನಲ್ಲಿ ಬೆಳೆದವು.

ಈ ಮಾತು ನಮಗೆ ಏಕೆ ಬೇಕು ಎನ್ನುವಿರಾ? ಶ್ರೀಮಠದ ಪ್ರಸಾದನಿಲಯದಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಇಂದು ಬೆಂಗಳೂರಿನಲ್ಲಿಯೂ ಇದ್ದಾರೆ, ಟೆಕ್ಸಾಸಿನಲ್ಲಿಯೂ ಇದ್ದಾರೆ. ಅವರು ಏನನ್ನು ಓದುತ್ತಾರೆ ಎಂಬುದು ಅವರ ಅಜ್ಜ ಅಜ್ಜಿಯರಿಗೆ ತಿಳಿಯದು. ಮೇಲಾಗಿ, ೨೦೨೧ರಿಂದೀಚೆಗೆ ಟೆಕ್ಸಾಸ್, ಫ್ಲಾರಿಡಾ ಮೊದಲಾದ ರಾಜ್ಯಗಳಲ್ಲಿ ಶಾಲಾ ಗ್ರಂಥಾಲಯಗಳಿಂದ ಪುಸ್ತಕಗಳನ್ನು ತೆಗೆಸುವ ಚಳವಳಿ ಬಲವಾಗಿ ನಡೆದಿದೆ. ಅಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿ ಬಂಧುಗಳ ಮುಂದೆ ಇಂಥದೊಂದು ಮನವಿಪತ್ರ ಸಹಿಗಾಗಿ ಬಂದು ನಿಂತರೆ ಆಶ್ಚರ್ಯವಿಲ್ಲ. ಓದದೆ ಸಹಿ ಹಾಕಬೇಡಿರಿ ಎಂದು ಕೇಳಿಕೊಳ್ಳುವುದಕ್ಕಾದರೂ ನಾಲ್ಕು ಮಾತನ್ನು ಬರೆಯಬೇಕಾಗಿದೆ.

ಓದದೆ ಆಕ್ಷೇಪಿಸಿದರೆ ಎಂತಹ ಅನರ್ಥವಾಗುವುದೆಂಬುದಕ್ಕೆ ಒಂದು ನಿದರ್ಶನವನ್ನು ನೋಡಿರಿ. ಅಮೆರಿಕದ ಗ್ರಂಥಾಲಯ ಸಂಘವು ಯಾವ ಯಾವ ಪುಸ್ತಕಗಳ ಮೇಲೆ ಹೆಚ್ಚು ದೂರುಗಳು ಬಂದುವೆಂಬ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸುತ್ತದೆ. ೨೦೧೦, ೨೦೧೧, ೨೦೧೩ ಈ ಮೂರು ವರ್ಷಗಳ ಮೊದಲ ಹತ್ತು ಪುಸ್ತಕಗಳಲ್ಲಿ ‘ದಿ ಹಂಗರ್ ಗೇಮ್ಸ್’ ಸೇರಿತ್ತು. ದೂರುಗಳ ಕಾರಣಗಳಲ್ಲಿ ಹಿಂಸೆ ಎಂಬುದೊಂದು; ಅದಿರಲಿ, ಅದಕ್ಕೆ ಮುಂದೆ ಬರುವೆ. ಆದರೆ ೨೦೧೧ರ ಕಾರಣಗಳಲ್ಲಿ ‘ಕುಟುಂಬವಿರೋಧಿ’ ಎಂಬುದೂ ಇತ್ತು, ‘ಮಾಟಮಂತ್ರ, ಸೈತಾನನ ಆರಾಧನೆ’ ಎಂಬುದೂ ಇತ್ತು! ಆ ಮೂರು ಸಂಪುಟಗಳಲ್ಲಿ ಮಂತ್ರವೂ ಇಲ್ಲ, ಮಾಟವೂ ಇಲ್ಲ. ಇನ್ನು ಕುಟುಂಬವಿರೋಧದ ಮಾತು. ಕಥೆಯ ನಾಯಕಿ ಕ್ಯಾಟ್ನಿಸ್ ಹದಿನಾರರ ಹುಡುಗಿ. ಹನ್ನೆರಡು ತುಂಬಿದ ತಂಗಿಯ ಹೆಸರು ಚೀಟಿಯಲ್ಲಿ ಬಂದಾಗ, ತಂಗಿಯನ್ನು ಹಿಂದಕ್ಕೆ ತಳ್ಳಿ, ಆ ಸಾವಿಗೆ ನಾನು ಹೋಗುವೆನೆಂದು ಮುಂದೆ ಬರುವವಳು ಅವಳು. ಇದು ಕುಟುಂಬವಿರೋಧವೆಂದಾದರೆ ಕುಟುಂಬಪ್ರೇಮ ಎಂಬುದನ್ನು ಎಲ್ಲಿ ಹುಡುಕೋಣ?

ಕಥೆಯ ಚೌಕಟ್ಟನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಏಕೆಂದರೆ ವಿಷಯವಿರುವುದು ಕೊಲೆಯಲ್ಲಲ್ಲ, ಕೊಲೆಗೆ ಮುಂಚಿನ ಲೆಕ್ಕದಲ್ಲಿ. ಉತ್ತರ ಅಮೆರಿಕ ಹಾಳಾದ ಮೇಲೆ ಹುಟ್ಟಿಕೊಂಡ ನಾಡು ಪಾನೆಮ್. ವೈಭವದ ರಾಜಧಾನಿಯೊಂದು, ಅದನ್ನು ಸಾಕಲು ಹನ್ನೆರಡು ಜಿಲ್ಲೆಗಳು. ಒಂದು ಜಿಲ್ಲೆ ಧಾನ್ಯ ಬೆಳೆಯಬೇಕು, ಒಂದು ಮೀನು ಹಿಡಿಯಬೇಕು, ನಾಯಕಿಯ ಹನ್ನೆರಡನೆಯ ಜಿಲ್ಲೆ ಕಲ್ಲಿದ್ದಲು ತೆಗೆಯಬೇಕು. ಹಿಂದೊಮ್ಮೆ ಜಿಲ್ಲೆಗಳು ದಂಗೆಯೆದ್ದುದಕ್ಕೆ ದಂಡವಾಗಿ ವರ್ಷಕ್ಕೊಮ್ಮೆ ಪ್ರತಿ ಜಿಲ್ಲೆಯೂ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ಒಪ್ಪಿಸಬೇಕು. ಹೀಗೆ ಇಪ್ಪತ್ತನಾಲ್ಕು ಮಕ್ಕಳು. ಹನ್ನೆರಡನೆಯ ವಯಸ್ಸಿನಲ್ಲಿ ಮಗುವಿನ ಹೆಸರು ಒಂದು ಚೀಟಿಯಲ್ಲಿ ಇರುತ್ತದೆ, ಮರುವರ್ಷ ಎರಡು, ಹದಿನೆಂಟಕ್ಕೆ ಏಳು. ಇಲ್ಲಿಯವರೆಗೆ ಎಲ್ಲರಿಗೂ ಒಂದೇ ನ್ಯಾಯವೆಂದು ತೋರುತ್ತದೆ. ಆದರೆ ಹಸಿದ ಮನೆಯ ಮಗು ತನ್ನ ಹೆಸರಿನ ಚೀಟಿಯನ್ನು ಇನ್ನೊಂದು ಸಲ ಹಾಕಿಸಿದರೆ, ಒಬ್ಬರಿಗೆ ಒಂದು ವರ್ಷಕ್ಕೆ ಅರೆಹೊಟ್ಟೆಗೆ ಸಾಲುವಷ್ಟು ಧಾನ್ಯ ಮತ್ತು ಎಣ್ಣೆ ದೊರೆಯುತ್ತದೆ. ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಸಲ ಹಾಕಿಸಬಹುದು. ಹಾಕಿಸಿದ ಚೀಟಿಗಳು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತವೆ, ಒಂದೂ ಕಳೆಯುವುದಿಲ್ಲ.

ಲೆಕ್ಕ ಹಾಕಿ ನೋಡಿರಿ. ತಾಯಿ, ತಂಗಿ, ತಾನು ಎಂಬ ಮೂವರಿಗಾಗಿ ಐದು ವರ್ಷ ಧಾನ್ಯ ಪಡೆದ ಕ್ಯಾಟ್ನಿಸಳ ಹೆಸರು ಇಪ್ಪತ್ತು ಚೀಟಿಗಳಲ್ಲಿದೆ. ಐವರ ಮನೆಯನ್ನು ಏಳು ವರ್ಷ ಹೊತ್ತ ಅವಳ ಗೆಳೆಯ ಗೇಲ್‌ನ ಹೆಸರು ನಲವತ್ತೆರಡರಲ್ಲಿದೆ. ಅದೇ ಊರಿನ ಮೇಯರನ ಮಗಳ ಹೆಸರು ಐದಕ್ಕಿಂತ ಹೆಚ್ಚು ಚೀಟಿಗಳಲ್ಲಿ ಇರುವ ಸಂಭವವೇ ಇಲ್ಲ. ಚೀಟಿ ಎತ್ತುವ ಕೈಗೆ ಪಕ್ಷಪಾತವಿಲ್ಲ. ಗಾಜಿನ ಪಾತ್ರೆಯಲ್ಲಿ ಮೋಸವಿಲ್ಲ. ಅದೃಷ್ಟ ಸದಾ ನಿಮ್ಮ ಕಡೆಗೇ ಇರಲೆಂದು ವೇದಿಕೆಯ ಮೇಲೆ ನಿಂತು ಹಾರೈಸುತ್ತಾರೆ. ಆದರೂ ಸಾಯುವವರು ಬಹುಮಟ್ಟಿಗೆ ಬಡವರ ಮಕ್ಕಳೇ. ಅದಕ್ಕೂ ಮಿಗಿಲಾದ ದುಷ್ಟತನ ಇನ್ನೊಂದಿದೆ. ಮೇಯರನ ಮಗಳನ್ನು ಕಂಡು ಗೇಲ್‌ನಿಗೆ ಸಿಟ್ಟು ಬರುತ್ತದೆ. ಗಣಿಯ ಹುಡುಗನ ಸಿಟ್ಟು ರಾಜಧಾನಿಯವರೆಗೆ ಹೋಗದೆ ಪಕ್ಕದ ಬೀದಿಯಲ್ಲಿಯೇ ಇಂಗಿಹೋಗಲಿ ಎಂಬುದೇ ಆ ವ್ಯವಸ್ಥೆಯ ಹಂಚಿಕೆ. ಅದು ಗೇಲ್‌ನಿಗೂ ಗೊತ್ತಿದೆ. ಹದಿಮೂರು ವರ್ಷದ ಓದುಗನಿಗೆ ರಾಜ್ಯಶಾಸ್ತ್ರದ ಇಷ್ಟು ದೊಡ್ಡ ಪಾಠವನ್ನು ಇಷ್ಟು ಕಿರಿದರಲ್ಲಿ ತಿಳಿಸಿದ ಪಠ್ಯಪುಸ್ತಕವನ್ನು ನಾನು ಕಂಡಿಲ್ಲ.

ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತು ಉಂಡು ಓದಿದ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ತಟ್ಟೆಗೆ ಬಿದ್ದ ಮುದ್ದೆಗೆ ಪ್ರತಿಯಾಗಿ ಯಾರೂ ನಿಮ್ಮ ಹೆಸರನ್ನು ಯಾವ ಚೀಟಿಯಲ್ಲಿಯೂ ಬರೆದುಕೊಳ್ಳಲಿಲ್ಲ. ಅನ್ನಕ್ಕೆ ಪ್ರತಿಯಾಗಿ ಪ್ರಾಣವನ್ನು ಅಡವಿಡಿಸಿಕೊಳ್ಳುವ ರಾಜ್ಯವೆಂದರೆ ಏನೆಂಬುದು ನಿಮಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಪಾನೆಮ್ ಎಂಬ ಹೆಸರೇ ರೊಟ್ಟಿ ಎಂಬರ್ಥದ ಲ್ಯಾಟಿನ್ ಪದ. ರೋಮಿನ ಜನ ತಮ್ಮ ಅಧಿಕಾರವನ್ನೆಲ್ಲ ಬಿಟ್ಟುಕೊಟ್ಟು ರೊಟ್ಟಿ ಮತ್ತು ಆಟ ಇವೆರಡನ್ನೇ ಬಯಸುತ್ತಿದ್ದಾರೆಂದು ಕವಿ ಜುವೆನಾಲ್ ಹಳಿದಿದ್ದನಷ್ಟೆ. ಆ ಮಾತಿನಿಂದ ಲೇಖಕಿ ತನ್ನ ನಾಡಿಗೆ ಹೆಸರನ್ನು ಎತ್ತಿಕೊಂಡಿದ್ದಾಳೆ.

ಇನ್ನು ಹಿಂಸೆಯ ಮಾತಿಗೆ ಬರೋಣ. ಮಕ್ಕಳಿಗೆ ಇಂತಹ ಕ್ರೂರ ಕಥೆ ಸಲ್ಲದು ಎನ್ನುವ ಮಹನೀಯರು ತಮ್ಮ ಬಾಲ್ಯವನ್ನು ಒಮ್ಮೆ ನೆನೆಯಲಿ. ಏಕಚಕ್ರಪುರದ ಬಕಾಸುರನ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಸರದಿಯ ಮೇಲೆ ಮನೆಗೊಬ್ಬರಂತೆ ಬಂಡಿ ಅನ್ನದ ಜೊತೆಗೆ ರಾಕ್ಷಸನ ಬಾಯಿಗೆ ಹೋಗಬೇಕು. ಸರದಿ ಬಂದ ಮನೆಯಲ್ಲಿ ತಂದೆ ನಾನು ಹೋಗುವೆನೆನ್ನುತ್ತಾನೆ, ತಾಯಿ ನಾನೆನ್ನುತ್ತಾಳೆ, ಮಗಳು ನಾನೆನ್ನುತ್ತಾಳೆ. ಇನ್ನೂ ತೊದಲು ಬಿಡದ ಕಂದ ಹುಲ್ಲುಕಡ್ಡಿಯೊಂದನ್ನು ಎತ್ತಿ ಇದರಿಂದಲೇ ಅವನನ್ನು ಕೊಲ್ಲುವೆನೆನ್ನುತ್ತದೆ. ಈ ಕಥೆಯನ್ನು ಐದು ವರ್ಷದ ಮಗುವಿಗೆ ತುತ್ತಿನೊಡನೆ ಉಣಿಸಿದವರು ನಾವು. ಗ್ರೀಕರಲ್ಲಿಯೂ ಇಂಥದೇ ಇದೆ. ಅಥೆನ್ಸ್ ನಗರವು ಏಳು ತರುಣರನ್ನೂ ಏಳು ತರುಣಿಯರನ್ನೂ ಕ್ರೀಟ್ ದ್ವೀಪದ ವೃಷಭಮುಖನಿಗೆ ಆಹಾರವಾಗಿ ಕಳಿಸಬೇಕಾಗಿತ್ತು. ಆ ಕಥೆಯೇ ತನ್ನ ಕಾದಂಬರಿಗೆ ಬೀಜವೆಂದು ಕಾಲಿನ್ಸ್ ಹೇಳಿಕೊಂಡಿದ್ದಾಳೆ. ಹಳೆಯ ಕಥೆಗೂ ಹೊಸದಕ್ಕೂ ಭೇದವಿಲ್ಲವೆನ್ನಲಾರೆ. ಬಕಾಸುರನಿಗೆ ಕೋರೆದಾಡೆಗಳಿದ್ದುವು, ಅವನು ರಾಕ್ಷಸನೆಂದು ಮಗುವಿಗೆ ನೋಡಿದೊಡನೆಯೇ ತಿಳಿಯುತ್ತಿತ್ತು, ಭೀಮ ಬಂದು ಅವನ ಬೆನ್ನುಮೂಳೆ ಮುರಿದರೆ ಕಥೆ ಮುಗಿಯಿತು. ಪಾನೆಮಿನಲ್ಲಿ ರಾಕ್ಷಸನಿಲ್ಲ, ಕಾಯಿದೆ ಇದೆ, ಚೀಟಿ ಇದೆ, ಕಾರಕೂನರಿದ್ದಾರೆ. ಭೀಮ ಬರುವುದಿಲ್ಲ. ಕಾಲಿನ್ಸ್ ಹೇಳುವ ಕಥೆ ಕಠಿಣವಾಗಿರುವುದು ರಕ್ತದಿಂದಲ್ಲ, ಇದರಿಂದ.

ಈ ಕಥೆ ಹೊಳೆದ ಬಗೆಯೂ ಗಮನಾರ್ಹ. ಒಂದು ರಾತ್ರಿ ಕಾಲಿನ್ಸ್ ದೂರದರ್ಶನದ ವಾಹಿನಿಗಳನ್ನು ಬದಲಿಸುತ್ತ ಕುಳಿತಿದ್ದಳಂತೆ. ಒಂದರಲ್ಲಿ ತರುಣರು ಬಹುಮಾನಕ್ಕಾಗಿ ಪೈಪೋಟಿ ನಡೆಸುತ್ತಿದ್ದರು. ಇನ್ನೊಂದರಲ್ಲಿ ಇರಾಕ್ ಯುದ್ಧದಲ್ಲಿ ತರುಣರು ಹೋರಾಡುತ್ತಿದ್ದರು. ನೋಡನೋಡುತ್ತ ಎರಡೂ ಒಂದರೊಳಗೊಂದು ಬೆರೆತುಹೋದಂತಾಯಿತಂತೆ. ಆಕೆಯ ತಂದೆ ವಾಯುಸೇನೆಯ ಅಧಿಕಾರಿ. ೧೯೬೮ರಲ್ಲಿ, ಆಕೆ ಚಿಕ್ಕ ಹುಡುಗಿಯಾಗಿದ್ದಾಗ, ವಿಯೆಟ್ನಾಮ್ ಯುದ್ಧಕ್ಕೆ ಹೋಗಿದ್ದವರು. ತಂದೆಯಿಲ್ಲದ ಆ ಒಂದು ವರ್ಷವನ್ನು ಕುರಿತು ಆಕೆ ೨೦೧೩ರಲ್ಲಿ ಪುಟ್ಟ ಮಕ್ಕಳಿಗಾಗಿ ಚಿತ್ರಪುಸ್ತಕವೊಂದನ್ನೂ ಬರೆದಳು. ಯುದ್ಧವೆಂದರೇನೆಂಬುದನ್ನು ಮಕ್ಕಳಿಂದ ಮರೆಮಾಚಿ ಪ್ರಯೋಜನವಿಲ್ಲ, ಮಕ್ಕಳಿಗೆ ಅದು ಹೇಗೂ ತಿಳಿಯುತ್ತದೆ ಎಂಬುದನ್ನು ಆಕೆ ಸ್ವಂತ ಮನೆಯಲ್ಲಿ ಕಲಿತವಳು.

ನನ್ನ ಮುಖ್ಯ ವಾದ ಇಷ್ಟು. ಈ ಕಥೆಗಳ ಕಟಕಟೆಯಲ್ಲಿ ನಿಂತಿರುವವರು ಮಕ್ಕಳಲ್ಲ. ನೋಡುತ್ತ ಕುಳಿತ ಹಿರಿಯರು. ರಾಜಧಾನಿಯ ಜನರನ್ನು ಕಾಲಿನ್ಸ್ ಪಿಶಾಚಿಗಳಂತೆ ಚಿತ್ರಿಸಿಲ್ಲ. ಕ್ಯಾಟ್ನಿಸಳನ್ನು ಅಲಂಕರಿಸುವ ಮೂವರು ಕೆಲಸದವರು ಮಾತುಗಾರರು, ಮೃದುಸ್ವಭಾವದವರು, ಅವಳ ಮೇಲೆ ನಿಜವಾದ ಮಮತೆಯುಳ್ಳವರು. ಆಟ ಮುಗಿದ ಮೇಲೆ ಅವರು ಹರಟುತ್ತ ಕೂರುತ್ತಾರೆ. ಇಂಥ ಘಟನೆ ನಡೆದಾಗ ತಾನು ಹಾಸಿಗೆಯಿಂದ ಎದ್ದಿರಲಿಲ್ಲವೆಂದು ಒಬ್ಬರು. ಆಗತಾನೆ ಹುಬ್ಬಿಗೆ ಬಣ್ಣ ಹಾಕಿಸಿಕೊಂಡಿದ್ದೆನೆಂದು ಇನ್ನೊಬ್ಬರು. ಸತ್ತ ಮಕ್ಕಳ ಮಾತು ಒಂದೂ ಇಲ್ಲ. ಎಲ್ಲವೂ ತಮ್ಮ ತಮ್ಮ ದಿನಚರಿಯ ಮಾತೇ. ಓದುಗರೇ, ಊಟದ ತಟ್ಟೆಯನ್ನು ಮುಂದಿಟ್ಟುಕೊಂಡು ಯುದ್ಧದ ವಾರ್ತೆಯನ್ನು ನೋಡಿ, ಛೆ ಎಂದು ಲೊಚಗುಟ್ಟಿ, ಮಜ್ಜಿಗೆ ಬಡಿಸು ಎನ್ನುವ ನಮ್ಮಲ್ಲಿ ಯಾರು ಆ ಮೂವರಿಗಿಂತ ಮೇಲು? ಮಗು ಈ ಪುಟವನ್ನು ಓದಿ ತಲೆಯೆತ್ತಿ ನಮ್ಮ ಕಡೆಗೆ ನೋಡುತ್ತದೆ. ಪುಸ್ತಕವನ್ನು ಕಸಿಯಬೇಕೆಂದು ನಮಗೆ ತೋರುವುದು ಆ ನೋಟ ತಡೆಯಲಾರದೆ ಇರಬಹುದಲ್ಲವೆ?

‘ದಿ ಗಿವರ್’ ಇದೇ ಆರೋಪವನ್ನು ಮೆಲುದನಿಯಲ್ಲಿ ಮಾಡುತ್ತದೆ. ಆದ್ದರಿಂದಲೇ ಅದು ಇನ್ನೂ ಹೆಚ್ಚು ಚುಚ್ಚುತ್ತದೆ. ಅಲ್ಲಿ ಹಸಿವಿಲ್ಲ, ಜಗಳವಿಲ್ಲ, ಸುಳ್ಳಿಲ್ಲ. ಮನೆಗೊಂದು ಗಂಡು ಒಂದು ಹೆಣ್ಣು. ಹನ್ನೆರಡು ತುಂಬಿದಾಗ ಹಿರಿಯರ ಮಂಡಲಿಯೇ ಪ್ರತಿ ಮಗುವಿನ ಸ್ವಭಾವವನ್ನು ಪರಿಶೀಲಿಸಿ ಉದ್ಯೋಗವನ್ನು ಗೊತ್ತುಮಾಡುತ್ತದೆ. ಅಲ್ಲಿ ಮಳೆಹಿಮವಿಲ್ಲ, ಬೆಟ್ಟವಿಲ್ಲ, ಬಣ್ಣಗಳೂ ಇಲ್ಲ. ನೋವು ಬರದಿರಲೆಂದು ಎಲ್ಲವನ್ನೂ ಸಮ ಮಾಡಿದ್ದಾರೆ. ನಾಡಿನ ಹಿಂದಿನ ನೆನಪುಗಳನ್ನೆಲ್ಲ ಒಬ್ಬ ಮುದುಕನ ತಲೆಯಲ್ಲಿ ಇರಿಸಿ ಮಿಕ್ಕವರು ನಿಶ್ಚಿಂತರಾಗಿದ್ದಾರೆ. ಆ ನೆನಪುಗಳನ್ನು ಹೊರಲು ಆಯ್ಕೆಯಾದ ಹುಡುಗ ಜೋನಸ್. ಅವನ ತಂದೆ ಶಿಶುಪಾಲನೆಯ ಕೆಲಸದವನು, ಸಾಧು, ಮಕ್ಕಳನ್ನು ಕಂಡರೆ ಪ್ರಾಣ. ಅವಳಿಗಳು ಹುಟ್ಟಿದರೆ ತೂಕ ಕಡಮೆಯಾದುದನ್ನು ‘ಬಿಡುಗಡೆ’ ಮಾಡುವುದು ಆ ಊರಿನ ಪದ್ಧತಿ. ಬಿಡುಗಡೆ ಎಂದರೆ ಬೇರೆಡೆಗೆ ಕಳಿಸುವುದೆಂದು ನಂಬಿದ್ದ ಜೋನಸ್, ಒಂದು ದಿನ ಅದರ ಚಿತ್ರಮುದ್ರಿಕೆಯನ್ನು ನೋಡುತ್ತಾನೆ: ತಂದೆ ಮುದ್ದು ಮಾತನಾಡುತ್ತಲೇ ಶಿಶುವಿನ ತಲೆಗೆ ಸೂಜಿ ಚುಚ್ಚಿ, ದೇಹವನ್ನು ಪೆಟ್ಟಿಗೆಯಲ್ಲಿರಿಸಿ, ಕಸದ ಕಂಡಿಗೆ ನೂಕುತ್ತಾನೆ. ತಂದೆಯ ಮುಖದಲ್ಲಿ ದ್ವೇಷವಿಲ್ಲ, ಅಳುಕಿಲ್ಲ. ಮಾಡುತ್ತಿರುವುದೇನೆಂದು ಅವನಿಗೆ ನಿಜವಾಗಿಯೂ ತಿಳಿಯದು. ಆ ಪುಟವನ್ನು ಓದಿ ಕಳವಳಗೊಳ್ಳದ ಹಿರಿಯರಿಲ್ಲ. ಇಂಥ ಪುಸ್ತಕದ ಮೇಲೆ ಶಿಶುಹತ್ಯೆಯ ವಿಷಯವಿದೆಯೆಂದು ಅಮೆರಿಕದ ಶಾಲೆಗಳಲ್ಲಿ ದೂರಿನ ಮೇಲೆ ದೂರು ಬಂದುವು. ವಿಷಯ ಇದೆ, ನಿಜ. ಹೊಗಳಿಕೆಯಾಗಿ ಅಲ್ಲ, ಎಚ್ಚರಿಕೆಯಾಗಿ. ಎಚ್ಚರಿಕೆಯ ಗಂಟೆಯನ್ನು ಗದ್ದಲವೆಂದು ಬಿಚ್ಚಿಡುವ ಬುದ್ಧಿವಂತಿಕೆ ಯಾವ ದೇಶದಲ್ಲಿಯೂ ಇದ್ದೇ ಇರುತ್ತದೆ. ನೆನಪನ್ನು ಕಳೆದುಕೊಳ್ಳುತ್ತಿದ್ದ ತನ್ನ ವೃದ್ಧ ತಂದೆಯನ್ನು ನೋಡಲು ಹೋಗಿಬರುತ್ತಿದ್ದಾಗ, ನೋವಿನ ನೆನಪು ಇಲ್ಲವಾದರೆ ಬಾಳು ಸುಖವಾದೀತೆ ಎಂದು ಲೌರಿಗೆ ಮೂಡಿದ ಪ್ರಶ್ನೆಯಿಂದ ಈ ಕಾದಂಬರಿ ಬೆಳೆಯಿತು. ದುರುದ್ದೇಶದಿಂದ ಬೆಳೆದುದಲ್ಲ.

ಈ ಪಂಗಡದ ಪುಸ್ತಕಗಳೆಲ್ಲವೂ ಉತ್ತಮವೆಂದು ನಾನು ವಾದಿಸುತ್ತಿಲ್ಲ. ‘ದಿ ಹಂಗರ್ ಗೇಮ್ಸ್’ ಗೆದ್ದ ಮೇಲೆ ಅದರ ಅಚ್ಚಿನಲ್ಲಿ ಎರಕಹೊಯ್ದ ಕಥೆಗಳು ರಾಶಿ ರಾಶಿಯಾಗಿ ಬಂದುವು. ವೆರೋನಿಕಾ ರಾತ್ ೨೦೧೧ರಲ್ಲಿ ಪ್ರಕಟಿಸಿದ ‘ಡೈವರ್ಜೆಂಟ್’ ಅವುಗಳಲ್ಲಿ ಹೆಸರಾದುದು. ಚಿಕಾಗೋ ನಗರದ ಜನರನ್ನೆಲ್ಲ ಒಂದೊಂದೇ ಗುಣದ ಹೆಸರಿನಲ್ಲಿ ಐದು ಪಂಗಡಗಳಾಗಿ ಒಡೆದು, ಹದಿನಾರನೆಯ ವಯಸ್ಸಿನಲ್ಲಿ ಆರಿಸಿಕೊಳ್ಳಿರೆನ್ನುತ್ತಾರೆ. ಅಂಥ ಊರಿನಲ್ಲಿ ಅಡುಗೆ ಹೇಗೆ ನಡೆದೀತು, ಚರಂಡಿ ಹೇಗೆ ಹರಿದೀತು ಎಂದು ಕೇಳಿದರೆ ಕಟ್ಟಡವೇ ಕುಸಿಯುತ್ತದೆ. ಓಟ, ನೆಗೆತ, ಪ್ರೇಮ ಇವಿಷ್ಟರಿಂದ ಪುಟಗಳು ಸಾಗುತ್ತವೆ. ಮಗು ಓದಿದರೆ ಹಾನಿಯಿಲ್ಲ, ಓದದಿದ್ದರೂ ನಷ್ಟವಿಲ್ಲ.

ಕಾಲಿನ್ಸಳಲ್ಲಿಯೂ ದೋಷಗಳಿವೆ. ಇಬ್ಬರು ಹುಡುಗರ ನಡುವೆ ನಾಯಕಿಯ ಮನಸ್ಸು ತೂಗುವ ಪ್ರಸಂಗವನ್ನು ಬೇಕಾದುದಕ್ಕಿಂತ ಹೆಚ್ಚು ಎಳೆದಿದ್ದಾಳೆ. ಇದಕ್ಕಿಂತ ಗುರುತರವಾದ ಆಕ್ಷೇಪ ಇನ್ನೊಂದಿದೆ. ವಿರೋಧಿಗಳು ಅದನ್ನು ಎತ್ತದಿರುವುದೇ ವಿಚಿತ್ರ. ಕಥೆಯ ಓಟ ಎಷ್ಟು ಬಿರುಸಾಗಿದೆಯೆಂದರೆ, ಮುಂದೆ ಸಾಯುವವರು ಯಾರೆಂದು ತಿಳಿಯುವ ಆತುರದಿಂದ ಓದುಗನೇ ಪುಟ ಹೊರಳಿಸುತ್ತಾನೆ. ಅಂದರೆ ರಾಜಧಾನಿಯ ಪ್ರೇಕ್ಷಕನ ಪೀಠದಲ್ಲಿ ಅವನೂ ಕುಳಿತಂತಾಯಿತು. ಹಿಂಸೆಯನ್ನು ಖಂಡಿಸುವ ಪುಸ್ತಕ ಹಿಂಸೆಯ ರುಚಿಯನ್ನೇ ಹತ್ತಿಸುವ ಅಪಾಯ ಇಲ್ಲಿ ಉಂಟು. ಹನ್ನೊಂದನೆಯ ಜಿಲ್ಲೆಯ ಹನ್ನೆರಡು ವರ್ಷದ ಹುಡುಗಿ ರೂ ಸತ್ತಾಗ ಲೇಖಕಿ ಓಟವನ್ನು ನಿಲ್ಲಿಸುತ್ತಾಳೆ: ಕ್ಯಾಟ್ನಿಸ್ ಶವವನ್ನು ಹೂಗಳಿಂದ ಸಿಂಗರಿಸುತ್ತಾಳೆ, ತಮ್ಮ ಮಗುವಿಗೆ ಗೌರವ ಸಂದಿತೆಂದು ಆ ಬಡ ಜಿಲ್ಲೆಯ ಜನ ಕಾಸು ಕೂಡಿಸಿ ಅವಳಿಗೊಂದು ರೊಟ್ಟಿಯನ್ನು ಕಳಿಸುತ್ತಾರೆ. ಅಲ್ಲಿ ನಿಲ್ಲಲು ಕಲಿತ ಮಗುವಿಗೆ ಅಪಾಯವಿಲ್ಲ. ನಿಲ್ಲದೆ ಮುಂದಿನ ಕೊಲೆಗೆ ಹಾರುವ ಮಗುವಿನ ಪಕ್ಕದಲ್ಲಿ ಹಿರಿಯರೊಬ್ಬರು ಇರಬೇಕು. ನಾನು ಹೇಳುವುದು ಇದನ್ನೇ.

ಹಿರಿಯರು ಇಲ್ಲದೆಡೆ ವ್ಯಾಪಾರಿ ಬಂದು ಕೂರುತ್ತಾನೆ. ಚಲನಚಿತ್ರ ೨೦೧೨ರಲ್ಲಿ ಬಂದಿತು. ಮೂರು ಸಂಪುಟಗಳನ್ನು ನಾಲ್ಕು ಚಿತ್ರಗಳಾಗಿ ಹಿಗ್ಗಿಸಿ ೨೦೧೫ರವರೆಗೆ ಗಲ್ಲಾಪೆಟ್ಟಿಗೆಯನ್ನು ತುಂಬಿಸಿಕೊಂಡರು. ೨೦೧೩ರಲ್ಲಿ ಎರಡನೆಯ ಚಿತ್ರ ಬಂದಾಗ ಕವರ್‌ಗರ್ಲ್ ಎಂಬ ಸೌಂದರ್ಯಸಾಧನಗಳ ಕಂಪನಿ ರಾಜಧಾನಿಯ ಹೆಸರಿನಲ್ಲಿಯೇ ಮುಖಾಲಂಕಾರದ ಸಾಮಗ್ರಿಗಳನ್ನು ಮಾರಿತು. ಯಾವ ರಾಜಧಾನಿ? ಮಕ್ಕಳ ಸಾವನ್ನು ನೋಡುತ್ತ ಹುಬ್ಬಿಗೆ ಬಣ್ಣ ಹಚ್ಚಿಕೊಳ್ಳುವವರ ರಾಜಧಾನಿ! ಸಬ್‌ವೇ ಎಂಬ ಉಪಾಹಾರದ ಅಂಗಡಿಗಳು ಅದೇ ಚಿತ್ರದ ಹೆಸರಿನಲ್ಲಿ ಖಾರದ ಸ್ಯಾಂಡ್‌ವಿಚ್ಚುಗಳನ್ನು ಮಾರಿದುವು. ಆ ಎರಡನೆಯ ಸಂಪುಟದಲ್ಲಿಯೇ ಒಂದು ಔತಣದ ಸನ್ನಿವೇಶವಿದೆ: ಹೊಟ್ಟೆ ತುಂಬಿದ ಮೇಲೂ ಇನ್ನಷ್ಟು ತಿನ್ನಬೇಕೆಂದು ವಾಂತಿಯ ಪಾನೀಯವನ್ನು ಕುಡಿಯುವ ರಾಜಧಾನಿಯವರನ್ನು ಕಂಡು, ಹಸಿವಿನಿಂದ ಸಾಯುವ ತನ್ನ ಊರಿನ ಮಕ್ಕಳನ್ನು ಕ್ಯಾಟ್ನಿಸ್ ನೆನೆಯುತ್ತಾಳೆ. ಅದನ್ನು ಓದಿದ ಯಾರಿಗಾದರೂ ಆ ಹೆಸರಿನಲ್ಲಿ ತಿಂಡಿ ಮಾರಲು ಮನಸ್ಸು ಹೇಗೆ ಬಂದೀತು? ಮೊದಲ ಚಿತ್ರ ಬಂದಾಗ ಇನ್ನೊಂದು ಲಜ್ಜಾಸ್ಪದ ಸಂಗತಿಯೂ ನಡೆಯಿತು. ರೂ ಕಂದುಬಣ್ಣದ ಚರ್ಮದವಳೆಂದು ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಇದೆ. ಆದರೂ ಆ ಪಾತ್ರವನ್ನು ಕಪ್ಪು ಜನಾಂಗದ ಬಾಲಕಿ ಅಭಿನಯಿಸಿದಳೆಂದು, ಇದರಿಂದ ತಮ್ಮ ದುಃಖ ಕಡಮೆಯಾಯಿತೆಂದು ಕೆಲವು ತರುಣ ಪ್ರೇಕ್ಷಕರು ಬಹಿರಂಗವಾಗಿ ಬರೆದರು. ಪುಸ್ತಕವನ್ನು ಓದಿದರೆ ಸಾಲದು, ಯಾರೊಡನಾದರೂ ಕುಳಿತು ಓದಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ಇದೆಲ್ಲ ಬರಿಯ ಕಟ್ಟುಕಥೆ, ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎನ್ನುವವರೂ ಉಂಟು. ಅವರ ಗಮನವನ್ನು ಪೂರ್ವಕ್ಕೆ ತಿರುಗಿಸುತ್ತೇನೆ. ಕ್ಯಾಟ್ನಿಸ್ ತಂಗಿಗಾಗಿ ಮುಂದೆ ಬಂದಾಗ ಊರಿನ ಜನ ಚಪ್ಪಾಳೆ ತಟ್ಟುವುದಿಲ್ಲ. ಎಡಗೈಯ ಮೂರು ಬೆರಳುಗಳನ್ನು ತುಟಿಗೆ ಮುಟ್ಟಿಸಿ ಅವಳತ್ತ ಎತ್ತಿ ಹಿಡಿಯುತ್ತಾರೆ. ಅದು ಆ ಊರಿನಲ್ಲಿ ಶವಸಂಸ್ಕಾರದ ವೇಳೆಯಲ್ಲಿ ಕಾಣಬರುತ್ತಿದ್ದ ಹಳೆಯ ಮುದ್ರೆ. ಪ್ರಿಯರಾದವರಿಗೆ ಹೇಳುವ ವಿದಾಯ. ೨೦೧೪ರ ಮೇ ೨೨ರಂದು ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರವನ್ನು ಕಸಿದುಕೊಂಡು ಸಭೆಗಳನ್ನು ನಿಷೇಧಿಸಿದಾಗ, ಬ್ಯಾಂಕಾಕಿನ ಬೀದಿಗಳಲ್ಲಿ ತರುಣರು ಮಾತಿಲ್ಲದೆ ಎತ್ತಿದ್ದು ಇದೇ ಮೂರು ಬೆರಳುಗಳನ್ನು. ಸೈನ್ಯಾಡಳಿತ ಅದಕ್ಕೂ ಬೆದರಿ ಹಿಡಿಯತೊಡಗಿತು. ಅದೇ ವರ್ಷದ ನವೆಂಬರಿನಲ್ಲಿ ಖೋನ್ ಕೇನ್ ನಗರದಲ್ಲಿ ಪ್ರಧಾನಿಯ ಭಾಷಣದ ಮುಂದೆ ಐವರು ವಿದ್ಯಾರ್ಥಿಗಳು ಮೂರು ಬೆರಳುಗಳನ್ನೆತ್ತಿ ಬಂಧಿತರಾದರು. ಬ್ಯಾಂಕಾಕಿನ ಚಿತ್ರಮಂದಿರಗಳ ಒಂದು ಸಂಸ್ಥೆ ಆಗ ಬಂದ ಚಿತ್ರದ ಪ್ರದರ್ಶನವನ್ನೇ ಕೈಬಿಟ್ಟಿತು. ೨೦೨೦ರಲ್ಲಿ ಶಾಲಾಬಾಲಕರು ಬೆಳಗಿನ ರಾಷ್ಟ್ರಗೀತೆಯ ವೇಳೆಯಲ್ಲಿ ಸಾಲಾಗಿ ನಿಂತು ಹಾಗೆಯೇ ಬೆರಳೆತ್ತಿದರು. ೨೦೨೧ರ ಫೆಬ್ರವರಿ ೧ರಂದು ಮ್ಯಾನ್ಮಾರಿನಲ್ಲಿ ಸೇನೆ ಅದೇ ದಾರಿ ಹಿಡಿದಾಗ ಆಸ್ಪತ್ರೆಗಳ ವೈದ್ಯರೂ ದಾದಿಯರೂ ಬೆರಳೆತ್ತಿದರು. ಆ ತಿಂಗಳ ೨೬ರಂದು ವಿಶ್ವಸಂಸ್ಥೆಯಲ್ಲಿ ಆ ದೇಶದ ರಾಯಭಾರಿ ಕ್ಯಾವ್ ಮೋ ಟುನ್ ಸೇನೆಯ ವಿರುದ್ಧ ಮಾತನಾಡಿ ಮುಗಿಸಿದ್ದು ಇದೇ ಮುದ್ರೆಯಿಂದ. ಮೂರು ಬೆರಳುಗಳಿಂದ ಬಂದೂಕು ಕೆಳಗಿಳಿಯಿತೆಂದು ನಾನು ಹೇಳುತ್ತಿಲ್ಲ. ಎಷ್ಟೋ ತರುಣರು ಸೆರೆಮನೆ ಕಂಡರು, ಮ್ಯಾನ್ಮಾರಿನಲ್ಲಿ ಪ್ರಾಣವನ್ನೇ ತೆತ್ತರು. ಕಟ್ಟುಕಥೆಯನ್ನು ಹಗುರವಾಗಿ ಎಣಿಸಬಾರದೆಂಬುದು ನಮಗಿಂತ ಮೊದಲು ಆ ಸೇನಾಧಿಕಾರಿಗಳಿಗೆ ತಿಳಿಯಿತು ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಈ ಪುಸ್ತಕಗಳು ಮಕ್ಕಳಿಗೆ ದಂಗೆಯನ್ನು ಕಲಿಸುತ್ತವೆ ಎಂದಾಯಿತಲ್ಲ ಎಂದು ಇನ್ನೊಂದು ಕಡೆಯಿಂದ ಕೇಳುವವರಿದ್ದಾರೆ. ಅವರು ಮೂರನೆಯ ಸಂಪುಟದ ಕೊನೆಯವರೆಗೆ ಓದುವ ತಾಳ್ಮೆಯನ್ನು ತೋರಿಸಲಿ. ದಂಗೆ ಗೆಲ್ಲುತ್ತದೆ. ಕ್ಯಾಟ್ನಿಸ್ ಯಾವ ತಂಗಿಯನ್ನು ಉಳಿಸಲೆಂದು ಸಾವಿಗೆ ಹೊರಟಿದ್ದಳೋ ಆ ತಂಗಿ ಗೆಲುವಿನ ಹೊತ್ತಿನಲ್ಲಿಯೇ ಬಾಂಬಿಗೆ ಬಲಿಯಾಗುತ್ತಾಳೆ. ಆ ಬಾಂಬು ತಮ್ಮ ಪಕ್ಷದ್ದೇ ಇರಬೇಕೆಂಬ ಗುಮಾನಿ ಕೊನೆಯವರೆಗೂ ಹರಿಯುವುದಿಲ್ಲ. ಆಮೇಲೆ ದಂಗೆಯ ನಾಯಕಿ ಕಾಯ್ನ್ ಒಂದು ಸಲಹೆಯನ್ನು ಮತಕ್ಕೆ ಇಡುತ್ತಾಳೆ: ಸೋತ ರಾಜಧಾನಿಯ ಮಕ್ಕಳನ್ನು ಆರಿಸಿ ಕೊನೆಯದಾಗಿ ಒಂದು ಆಟವನ್ನು ಆಡಿಸೋಣ! ಅದೇ ಚೀಟಿ, ಅದೇ ಕಣ. ಸಾಯುವ ಮಕ್ಕಳು ಮಾತ್ರ ಬೇರೆಯವರವರು. ಹಳೆಯ ಆಟದಲ್ಲಿ ನೊಂದು ಬದುಕಿದವರಲ್ಲಿಯೇ ಕೆಲವರು ಆಗಲಿ ಎನ್ನುತ್ತಾರೆ. ಹಳೆಯ ಅಧ್ಯಕ್ಷನನ್ನು ಕೊಲ್ಲುವ ಕಾರ್ಯವನ್ನು ಕ್ಯಾಟ್ನಿಸಳಿಗೆ ವಹಿಸಿದ ದಿನ, ಅವಳ ಬಾಣ ತಿರುಗಿ ಕಾಯ್ನಳಿಗೆ ನಾಟುತ್ತದೆ. ಕೊಲೆಯನ್ನು ನಾನು ಸಮರ್ಥಿಸುವುದಿಲ್ಲ. ಲೇಖಕಿಯೂ ಅದನ್ನು ಜಯಘೋಷ ಮಾಡಿ ಹೇಳಿಲ್ಲ, ನಾಯಕಿ ಮುಂದೆ ಬಹುಕಾಲ ಹುಚ್ಚಿಯಂತೆ ನರಳುತ್ತಾಳೆ. ಆದರೆ ಪೀಡಿತನು ಪೀಠವೇರಿದೊಡನೆ ಅದೇ ಚಾವಟಿಗೆ ಕೈಚಾಚುತ್ತಾನೆಂಬ ಎಚ್ಚರವನ್ನು ಹದಿಹರೆಯದಲ್ಲಿಯೇ ಕೊಡುವ ಪುಸ್ತಕವನ್ನು ರಾಜದ್ರೋಹದ ಪಾಠವೆನ್ನಲು ಹೇಗೆ ಸಾಧ್ಯ?

ಮಠದ ಗ್ರಂಥಾಲಯಗಳನ್ನು ನೋಡಿಕೊಳ್ಳುವ ಬಂಧುಗಳಿಗೂ, ಮನೆಯ ಹಿರಿಯರಿಗೂ ಒಂದೆರಡು ಸೂಚನೆಗಳು. ಒಂಬತ್ತು ಹತ್ತು ವರ್ಷದ ಮಗುವಿಗೆ ‘ದಿ ಹಂಗರ್ ಗೇಮ್ಸ್’ ಬೇಡ; ಹದಿಮೂರು ದಾಟಲಿ. ಚಿತ್ರವನ್ನು ಮೊದಲು ತೋರಿಸಬೇಡಿರಿ; ಚೀಟಿಯ ಲೆಕ್ಕ ಚಿತ್ರದಲ್ಲಿ ಮಿಂಚಿ ಮಾಯವಾಗುತ್ತದೆ, ಕತ್ತಿ ಮಾತ್ರ ಉಳಿಯುತ್ತದೆ. ‘ದಿ ಗಿವರ್’ ಹನ್ನೆರಡಕ್ಕೆ ಸಲ್ಲುತ್ತದೆ. ಅದು ಚಿಕ್ಕ ಪುಸ್ತಕ, ಸರಳವಾದ ಇಂಗ್ಲಿಷು. ಹೈಸ್ಕೂಲಿನ ಇಂಗ್ಲಿಷು ಮರೆಯದ ಅಜ್ಜಂದಿರು ಮೊಮ್ಮಗನಿಂದ ಎರವಲು ಪಡೆದು ಎರಡು ಮೂರು ಸಂಜೆಗಳಲ್ಲಿ ಮುಗಿಸಬಹುದು. ನೀವು ಮೊದಲು ಓದಿರಿ. ಆಮೇಲೆ ಮಗು ಓದುವಾಗ ಎಷ್ಟನೆಯ ಅಧ್ಯಾಯಕ್ಕೆ ಬಂದಿದೆಯೆಂದು ವಿಚಾರಿಸುತ್ತಿರಿ. ಅವಳಿಶಿಶುಗಳ ಪ್ರಸಂಗವಿರುವ ಹತ್ತೊಂಬತ್ತನೆಯ ಅಧ್ಯಾಯವನ್ನು ಅದು ಓದುವ ದಿನ ನೀವು ಮನೆಯಲ್ಲಿರಿ.